ಓದುಗರ ಪ್ರಶ್ನೆ: ಆ ಯುವಕನಿಗೆ ದೇವಾಲಯದಲ್ಲಿ ಅಂತ್ಯಸಂಸ್ಕಾರ ಸಲ್ಲುವುದೇ?

ಪ್ರಶ್ನೆ: ನಾನು ನಮ್ಮ ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ಪಾಲನಾ ಸಮಿತಿಯ ಹಿರಿಯ ಸದಸ್ಯ. ಇತ್ತೀಚೆಗೆ ನಮ್ಮೂರಿನ ಯುವಕನೊಬ್ಬ ಸಾಲದ ಚಿಂತೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ಗುರುಗಳು ಪಾರ್ಥಿವ ಶರೀರವನ್ನು ದೇವಾಲಯದೊಳಗೆ ತರಿಸಿ, ಬಲಿಪೂಜೆ (ಮಾಸ್) ಅರ್ಪಿಸಿ, ಎಲ್ಲರಂತೆಯೇ ಮಣ್ಣು ಮಾಡಿಸಿದರು. ಹಿಂದೆ ಇಂಥವರಿಗೆ ಗಂಟೆಯನ್ನೂ ಬಾರಿಸುತ್ತಿರಲಿಲ್ಲ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ನಿಯಮವನ್ನು ಹೀಗೆ ಸಡಿಲಿಸಿದರೆ ಪಾಪದ ಭಯವಾದರೂ ಉಳಿದೀತೇ?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ನಿಮ್ಮ ತಂದೆಯವರು ಹೇಳಿದ್ದು ಸುಳ್ಳಲ್ಲ. 1917ರ ಕೆನನ್ ಕಾನೂನು, ಅಂದರೆ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆ, ಬೇಕೆಂದೇ ಪ್ರಾಣ ಕಳೆದುಕೊಂಡವರು ಸಾಯುವ ಮುನ್ನ ಪಶ್ಚಾತ್ತಾಪದ ಕುರುಹು ತೋರದಿದ್ದರೆ ಅವರಿಗೆ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. ಆದರೆ ಸಂದೇಹವಿದ್ದಲ್ಲಿ ಧರ್ಮಾಧ್ಯಕ್ಷರನ್ನು (ಬಿಷಪರನ್ನು) ಕೇಳಬೇಕು, ಆ ಮೇಲೂ ಸಂದೇಹ ಉಳಿದರೆ ಸಂಸ್ಕಾರ ಕೊಡಬೇಕು ಎಂದೂ ಅದೇ ಕಾನೂನಿನಲ್ಲಿತ್ತು. ಜನರ ನೆನಪಿನಲ್ಲಿ ಉಳಿದದ್ದು ನಿರಾಕರಣೆಯ ಭಾಗ ಮಾತ್ರ. ಅದರ ಬದಲಿಗೆ ಬಂದ 1983ರ ಸಂಹಿತೆಯ 1184ನೇ ವಿಧಿಯು ಸಂಸ್ಕಾರ ನಿರಾಕರಿಸಬೇಕಾದವರ ಪಟ್ಟಿಯಿಂದ ಆತ್ಮಹತ್ಯೆ ಮಾಡಿಕೊಂಡವರನ್ನು ಕೈಬಿಟ್ಟಿದೆ. ನಿಮ್ಮ ಗುರುಗಳು ಯಾವ ನಿಯಮವನ್ನೂ ಮುರಿದಿಲ್ಲ.

ಆತ್ಮಹತ್ಯೆ ಗಂಭೀರವಾದ ತಪ್ಪು ಎಂಬ ಬೋಧನೆ ಈಗಲೂ ಹಾಗೆಯೇ ಇದೆ. ಆದರೆ ತೀವ್ರವಾದ ಮಾನಸಿಕ ಅಸ್ವಸ್ಥತೆ, ಸಂಕಟ, ಭಯಗಳು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು, ಅಂಥವರ ರಕ್ಷಣೆಯ ಬಗ್ಗೆ ನಿರಾಶೆ ಬೇಡ, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಸೇತುವೆಯಿಂದ ಹಾರಿ ಸತ್ತವನ ಹೆಂಡತಿಗೆ ಫ್ರಾನ್ಸಿನ ಆರ್ಸ್ ಊರಿನ ಸಂತ ಜಾನ್ ಮರಿಯ ವಿಯಾನ್ನಿ, ಸೇತುವೆಗೂ ನೀರಿಗೂ ನಡುವೆ ಅವನಿಗೆ ಪಶ್ಚಾತ್ತಾಪಪಡಲು ಸಮಯ ಸಿಕ್ಕಿತ್ತು ಎಂದು ಹೇಳಿ ಸಮಾಧಾನಪಡಿಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ.

ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. 18 ವರ್ಷ ನಡು ಬಗ್ಗಿಹೋಗಿದ್ದ ಹೆಂಗಸನ್ನು ಯೇಸುಸ್ವಾಮಿ ಯೆಹೂದ್ಯರು ಕೆಲಸ ಮಾಡಬಾರದ ಸಬ್ಬತ್ ದಿನದಲ್ಲಿ ಗುಣಪಡಿಸಿದಾಗ ಪ್ರಾರ್ಥನಾಮಂದಿರದ ಅಧಿಕಾರಿ ಸಿಟ್ಟಾಗುತ್ತಾನೆ. ಅವನು ಕೆಟ್ಟವನೇನೂ ಅಲ್ಲ. ತನಗೆ ಒಪ್ಪಿಸಿದ್ದ ನಿಯಮವನ್ನು ಕಾಯುತ್ತಿದ್ದ. ಆದರೆ ಅವನು ಗದರಿದ್ದು ಯೇಸುವನ್ನಲ್ಲ, ವಾಸಿಯಾಗಲು ಬಂದ ಬಡಜನರನ್ನು. ನಾವು ಗುರುಗಳನ್ನು ಪ್ರಶ್ನಿಸುತ್ತಿದ್ದೇವೆಂದು ತಿಳಿದು ಆಡುವ ಮಾತೂ ಹಾಗೆಯೇ ಮಗನನ್ನು ಕಳೆದುಕೊಂಡ ತಾಯಿಯ ಮೇಲೆಯೇ ಹೋಗಿ ಬೀಳುತ್ತದೆ. ಸಬ್ಬತ್ ದಿನ ನೀವು ಎತ್ತನ್ನು ಗೋದಲಿಯಿಂದ ಬಿಚ್ಚಿ ನೀರು ಕುಡಿಸಲು ಕರೆದೊಯ್ಯುವುದಿಲ್ಲವೇ ಎಂದು ಯೇಸು ಕೇಳಿದ್ದಕ್ಕೆ ಆತನ ವಿರೋಧಿಗಳು ನಾಚಿಕೊಂಡರು ಎನ್ನುತ್ತಾನೆ ಲೂಕ.

ಇನ್ನು ಪಾಪದ ಭಯ. ಸಾಲಕ್ಕೆ ಸಿಕ್ಕಿಕೊಂಡವನಲ್ಲಿ ಭಯಕ್ಕೆ ಕೊರತೆ ಇರುವುದಿಲ್ಲ. ಎಷ್ಟೋ ಬಾರಿ ಮನೆಯವರ ಮುಂದೆಯೂ ಬಾಯಿ ಬಿಡದಂತೆ ಮಾಡುವುದೇ ಆ ಭಯ. ಅಂಥವರು ಯಾರಾದರೂ ನಿಮ್ಮ ಕಣ್ಣಿಗೆ ಬಿದ್ದರೆ ಜೊತೆಯಲ್ಲಿ ಕುಳಿತು ಮಾತನಾಡಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಆ ಯುವಕ ಹೋದರೂ ಸಾಲ ಅವನ ಮನೆಯಲ್ಲಿಯೇ ಉಳಿದಿರಬಹುದು. ಅವನು ತೀರಿಕೊಂಡ ತಿಂಗಳ ಪೂಜೆಗೆ ಮುನ್ನ ಸಮಿತಿಯ ಇಬ್ಬರು ಹಿರಿಯರು ಆ ಮನೆಗೆ ಹೋಗಿ, ಯಾರಿಗೆ ಎಷ್ಟು ಕೊಡಬೇಕಿದೆ ಎಂದು ವಿಚಾರಿಸಿ, ಸಾಲ ಕೊಟ್ಟವರ ಜೊತೆ ಮಾತನಾಡುವ ಹೊಣೆಯನ್ನು ತಾವೇ ವಹಿಸಿಕೊಳ್ಳಲಿ.