ಜಾಣ ಎನ್ನಲು ಹೋಗಿ ಕಿಲಾಡಿ ಎಂದೆ

ತಮ್ಮಾ,

ನಿನ್ನ ಪ್ರಶ್ನೆ ಓದಿ ಒಬ್ಬನೇ ಕುಳಿತು ನಕ್ಕೆ. ದಾವಣಗೆರೆಯಿಂದ ಇಂಡೊನೇಷ್ಯಾದ ಪುರ್ವಾಕಾರ್ತಾದ ನೂಲಿನ ಗಿರಣಿಗೆ ಬಂದು ನಿನಗಿನ್ನೂ ಆರು ವಾರ. ಕೆಟ್ಟು ನಿಂತ ರಿಂಗ್ ಫ್ರೇಮ್ ಎಂಬ ನೂಲುವ ಯಂತ್ರವನ್ನು ಅರ್ಧ ಗಂಟೆಯಲ್ಲಿ ಓಡುವಂತೆ ಮಾಡಿದ ಫಿಟ್ಟರನ್ನು ಎಲ್ಲರೆದುರು ಹೊಗಳಲು ಹೋದೆ. ಇಂಗ್ಲಿಷಿನ ‘ಕ್ಲೆವರ್’ಗೆ ನಿಘಂಟು ‘ಚೆರ್ದಿಕ್’ ಎಂದಿತು, ನೀನೂ ಹಾಗೆಯೇ ಅಂದೆ. ಸುತ್ತ ನಿಂತವರು ಕಿಸಕ್ಕನೆ ನಕ್ಕರು, ಆತ ತಲೆ ತಗ್ಗಿಸಿದ. ‘ಅಣ್ಣಾ, ನಾನು ಬೈದುಬಿಟ್ಟೆನೇ?’ ಎಂದು ಕೇಳಿದ್ದೀಯ.

ಬೈದಿಲ್ಲ. ಆದರೆ ಜಾಣ ಎನ್ನಲು ಹೋಗಿ ಕಿಲಾಡಿ ಎಂದಿದ್ದೀಯ. ಇಲ್ಲಿನ ಮಕ್ಕಳ ಕಥೆಗಳಲ್ಲಿ ಕಂಚಿಲ್ ಎಂಬ ಪ್ರಾಣಿ ಬರುತ್ತದೆ. ಮೊಲದಷ್ಟು ಎತ್ತರದ, ಕೊಂಬಿಲ್ಲದ ಪುಟ್ಟ ಜಿಂಕೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಅದರ ದಾಯಾದಿಗಳಿವೆ. ರಾಜನ ಅಪ್ಪಣೆಯಾಗಿದೆ, ನಿಮ್ಮನ್ನೆಲ್ಲ ಎಣಿಸಬೇಕು ಎಂದು ಮೊಸಳೆಗಳನ್ನು ಸಾಲಾಗಿ ಮಲಗಿಸಿ, ಒಂದೊಂದರ ಬೆನ್ನ ಮೇಲೂ ಜಿಗಿಯುತ್ತ ಹೊಳೆ ದಾಟುವುದು ಅದೇ. ರೈತನ ಹೊಲದ ಸೌತೆಕಾಯಿ ಕದಿಯುವುದೂ ಅದೇ. ಆ ಕಂಚಿಲ್‌ಗೆ ಅಂಟಿಕೊಂಡ ವಿಶೇಷಣ ಚೆರ್ದಿಕ್. ಮೆಚ್ಚುಗೆಯೇನೋ ಉಂಟು, ಆದರೆ ಸೌತೆಕಾಯಿಯ ಗುಮಾನಿಯೂ ಉಂಟು. ಇನ್ನೊಂದು ಹೆಜ್ಜೆ ಇಟ್ಟರೆ ‘ಲಿಚಿಕ್’, ಅಂದರೆ ಕುತಂತ್ರಿ. ಅಲ್ಲಿಯವರೆಗೆ ನೀನು ಹೋಗಲಿಲ್ಲವಲ್ಲ, ಪುಣ್ಯ.

ಸಾಮಾನ್ಯವಾಗಿ ಜಾಣ ಎನ್ನಲು ‘ಪಿಂತಾರ್’ ಸಾಕು. ಮಗ್ಗಿ ಒಪ್ಪಿಸಿದ ಮಗುವಿಗೂ ಅದೇ, ಸ್ಮಾರ್ಟ್ ಫೋನಿಗೂ ಅದೇ: ‘ಪೊನ್ಸೆಲ್ ಪಿಂತಾರ್’. ಆದರೆ ಆ ಪದಕ್ಕೆ ಮೊದಲು ‘ಓರಾಂಗ್’ ಬಂದರೆ ಎಚ್ಚರ. ಓರಾಂಗ್ ಎಂದರೆ ಮನುಷ್ಯ. ‘ಓರಾಂಗ್ ಪಿಂತಾರ್’ ಎಂದರೆ ಬುದ್ಧಿವಂತ ಮನುಷ್ಯ ಎಂದು ನಾನೂ ನಂಬಿದ್ದೆ. ಬಂದ ಹೊಸತರಲ್ಲಿ, 22 ವರ್ಷಗಳ ಹಿಂದೆ, ಮದುವೆಯ ಉಂಗುರ ಕಳೆದುಕೊಂಡು ಒದ್ದಾಡುತ್ತಿದ್ದಾಗ ಮನೆಯೊಡತಿ ‘ಒಬ್ಬ ಓರಾಂಗ್ ಪಿಂತಾರ್ ಇದ್ದಾರೆ, ಕೇಳೋಣ’ ಎಂದರು. ನಿವೃತ್ತ ಮೇಷ್ಟ್ರೋ ವಕೀಲರೋ ಇರಬೇಕು ಎಂದುಕೊಂಡು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಅಲ್ಲಿ ಒಬ್ಬ ಮುದುಕ ಬಟ್ಟಲು ನೀರಿನಲ್ಲಿ ಹೂವು ತೇಲಿಸಿ, ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದ. ಮಂತ್ರವಾದಿ! ನಮ್ಮೂರಿನಲ್ಲಿ ನಿಂಬೆಹಣ್ಣು ಇರುತ್ತಿತ್ತು, ಅಷ್ಟೇ ವ್ಯತ್ಯಾಸ. ಉಂಗುರ ವಾಯವ್ಯ ದಿಕ್ಕಿನಲ್ಲಿದೆ ಎಂದ. ವಾರದ ಮೇಲೆ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಆ ಡಬ್ಬ ಯಾವ ದಿಕ್ಕಿನಲ್ಲಿತ್ತು ಎಂದು ನಾನು ನೋಡಲು ಹೋಗಲಿಲ್ಲ.

ಇದೇ ಮಾತಿನ ಮೇಲೆ ಇಲ್ಲಿ ಒಂದು ಜಾಹೀರಾತು ಮನೆಮಾತಾಗಿದೆ: ಓರಾಂಗ್ ಪಿಂತಾರ್ ಕುಡಿಯುವುದು ತೊಲಾಕ್ ಆಂಗಿನ್. ಅದು ‘ಗಾಳಿ ಹೊಕ್ಕಿದೆ’ ಎಂದಾಗ ಕುಡಿಯುವ ಗಿಡಮೂಲಿಕೆಯ ಪಾನಕ. ಇವರಿಗೆ ಗಾಳಿ ಹೊಕ್ಕರೆ ಮೈಕೈ ನೋವು, ಹೊಟ್ಟೆಯುಬ್ಬರ. ನಮಗೆ ಗಾಳಿ ಸೋಕಿದರೆ ಬೇವಿನ ಸೊಪ್ಪು ಬೇಕು. ತೆರಿಗೆ ಇಲಾಖೆಯ ಘೋಷಣೆ ಬೇರೆ ಪದ ಹಿಡಿಯಿತು: ‘ಓರಾಂಗ್ ಬಿಜಾಕ್’ ತೆರಿಗೆ ಕಟ್ಟುತ್ತಾನೆ. ಬಿಜಾಕ್ ಎಂದರೆ ವಿವೇಕಿ. ತೆರಿಗೆ ಕಟ್ಟಲು ಪಿಂತಾರ್ ಆದವನನ್ನು ಕರೆದರೆ ಅವನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾನೆ ಎಂದು ಇಲಾಖೆಗೆ ಗೊತ್ತಿದ್ದಿರಬೇಕು!

ಬಿಜಾಕ್‌ನ ದೊಡ್ಡ ರೂಪ ‘ಬಿಜಾಕ್ಸಾನಾ’. ಮೆಲ್ಲಗೆ ಹೇಳಿ ನೋಡು, ನಮ್ಮ ‘ವಿಚಕ್ಷಣ’ ಕೇಳಿಸುತ್ತದೆ. ಸಂಸ್ಕೃತದಿಂದ ಬಂದ ಇಂಥ ಪದಗಳೇ ನಮ್ಮನ್ನು ಹೆಚ್ಚು ಏಮಾರಿಸುವುದು. ‘ಪೆಂದೆತಾ’ ನಮ್ಮ ಪಂಡಿತನೇ, ಆದರೆ ಇಲ್ಲಿ ಆತ ಚರ್ಚಿನ ಪಾದ್ರಿ. ‘ಬುದಿ’ ನಮ್ಮ ಬುದ್ಧಿಯೇ, ಆದರೆ ತಲೆ ಬಿಟ್ಟು ಎದೆಗೆ ಇಳಿದಿದೆ: ಶೀಲ, ಒಳ್ಳೆಯತನ, ಮಾಡಿದ ಉಪಕಾರ. ‘ಉತಾಂಗ್ ಬುದಿ’ ಎಂದರೆ ಬುದ್ಧಿಯ ಸಾಲವಲ್ಲ, ಉಪಕಾರದ ಋಣ. ಲೆಕ್ಕದಲ್ಲಿ ಚುರುಕಾದವನನ್ನು ‘ಬೆರ್ಬುದಿ’ ಎಂದರೆ ಸಭ್ಯ ಎಂದು ಹೊಗಳಿದಂತೆ. ನನಗೆ ಇದು ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಇನ್ನು ‘ಪಂದಾಯ್’ ಕೈಗೆ ಹತ್ತಿರದ ಜಾಣತನ. ಅಡುಗೆಯಲ್ಲಿ ಪಂದಾಯ್, ಈಜಿನಲ್ಲಿ ಪಂದಾಯ್. ‘ಪಂದಾಯ್ ಬೆಸಿ’ ಎಂದರೆ ಕಬ್ಬಿಣ ಬಲ್ಲವನು, ಅಂದರೆ ಕಮ್ಮಾರ. ನಿನ್ನ ಫಿಟ್ಟರಿಗೆ ಇದು ಒಪ್ಪುತ್ತಿತ್ತು.

ಬರವಣಿಗೆಯಲ್ಲಿ, ವಾರ್ಷಿಕ ಮೌಲ್ಯಮಾಪನದ ನಮೂನೆಯಲ್ಲಿ, ‘ಚೆರ್ದಾಸ್’ ಎಂದು ಬರೆ. ಚೆರ್ದಿಕ್‌ಗೂ ಇದಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ, ಮರ್ಯಾದೆಯಲ್ಲಿ ಅಜಗಜಾಂತರ. 1945ರ ಸಂವಿಧಾನದ ಪೀಠಿಕೆಯಲ್ಲೇ, ರಾಷ್ಟ್ರದ ಬದುಕನ್ನು ಚೆರ್ದಾಸ್ ಮಾಡುವುದು ಸರ್ಕಾರದ ಗುರಿಗಳಲ್ಲೊಂದು ಎಂದಿದೆ. ಕೃತಕ ಬುದ್ಧಿಮತ್ತೆಗೂ ಈ ಪದದಿಂದಲೇ ಹೆಸರು ಕಟ್ಟಿದ್ದಾರೆ.

ಸ್ಮಾರ್ಟ್ ಬಗ್ಗೆಯೂ ಕೇಳಿದ್ದೀಯ. ನಾವು ಅಂಗಿ ಚೆನ್ನಾಗಿದ್ದರೂ ಸ್ಮಾರ್ಟ್ ಎನ್ನುತ್ತೇವೆ. ಅದಕ್ಕೆ ಪಿಂತಾರ್ ಎಂದರೆ ಯಾರಿಗೂ ತಿಳಿಯದು. ಅಚ್ಚುಕಟ್ಟಾಗಿದ್ದರೆ ‘ರಾಪಿ’, ಹುಡುಗ ಚೆಲುವನಾಗಿದ್ದರೆ ‘ಗಾಂತೆಂಗ್’.

ಒಂದು ಮಾತನ್ನು ಮಾತ್ರ ನಿನ್ನ ಬೆನ್ನ ಹಿಂದೆ ಯಾರೂ ಆಡದಂತೆ ನೋಡಿಕೊ: ‘ಸೊಕ್ ಪಿಂತಾರ್’. ಜಾಣನೆಂದು ಮೆರೆಯುವವನು ಎಂದರ್ಥ. ಹೊರದೇಶದಿಂದ ಬಂದ ಮೇಲಧಿಕಾರಿಗೆ ಇದು ಬಹಳ ಬೇಗ ಅಂಟುತ್ತದೆ. ಜಾಣತನ ಹದ ಮೀರಿ ದಾರಿ ತಪ್ಪಿದರೆ ‘ಪಿಂತೆರ್ ಕೆಬ್ಲಿಂಗೆರ್’ ಎನ್ನುತ್ತಾರೆ. ಬುದ್ಧಿವಂತನಿಗೆ ಮೂರು ಕಡೆ ಎಂದು ನಮ್ಮಲ್ಲೂ ಇದೆಯಲ್ಲ, ಪೂರ್ತಿ ಬರೆಯುವುದಿಲ್ಲ.

ನಾಳೆ ಪಾಳಿ ಮುಗಿದ ಮೇಲೆ ಆ ಫಿಟ್ಟರ ಹತ್ತಿರ ಒಬ್ಬನೇ ಹೋಗು. ಹೆಸರಿಗೆ ಮೊದಲು ‘ಪಾಕ್’ ಸೇರಿಸಿ ಕರೆ, ನಿನಗಿಂತ ಹಿರಿಯರು ಅವರು. ಯಂತ್ರ ಸರಿಮಾಡುವುದರಲ್ಲಿ ನೀವು ತುಂಬ ಪಂದಾಯ್ ಎಂದು ಮೆಲ್ಲಗೆ ಹೇಳು. ‘ಆಹ್, ಬಿಯಾಸಾ ಸಾಜಾ’ ಎನ್ನುತ್ತಾರೆ, ಇದರಲ್ಲೇನಿದೆ ಎಂದು. ನೀನು ಅದನ್ನು ನಂಬಿ ಸುಮ್ಮನಾಗಬೇಡ, ಇನ್ನೊಮ್ಮೆ ಹೇಳು.