ಓದುಗರ ಪ್ರಶ್ನೆ: ಮಣ್ಣಿನ ಮೊಳೆ, ರೇಷ್ಮೆ ಎಳೆಯ ಸೂಜಿ

ಪ್ರಶ್ನೆ: ಗುಟೆನ್‌ಬರ್ಗ್‌ಗಿಂತ ಮೊದಲೇ ಚೀನೀಯರು ಮಣ್ಣಿನಲ್ಲಿ ಅಚ್ಚುಮೊಳೆ ಮಾಡಿದ್ದರಂತೆ. ಮಸಿ ತಾಗಿದರೆ ಮಣ್ಣು ಕರಗುವುದಿಲ್ಲವೆ? ಮರವನ್ನೇ ಏಕೆ ಬಳಸಲಿಲ್ಲ?
– ಓದುಗರೊಬ್ಬರು, ಗದಗ

ಉತ್ತರ: ಅದು ಸುಟ್ಟ ಮಣ್ಣು, ಕರಗುವುದಿಲ್ಲ. 1041–48ರ ನಡುವೆ ಸಾಂಗ್ ಅರಸರ ಕಾಲದಲ್ಲಿ ಬಿ ಶೆಂಗ್ ಎಂಬ ಸಾಮಾನ್ಯ ಪ್ರಜೆ ಇದನ್ನು ರೂಪಿಸಿದ. ವಿದ್ವಾಂಸ ಶೆನ್ ಕುವೊ ಎಲ್ಲವನ್ನೂ ಬರೆದಿಟ್ಟಿದ್ದರಿಂದ ವಿಧಾನ ನಮಗೆ ವಿವರವಾಗಿ ಸಿಕ್ಕಿದೆ.

ಜಿಗುಟು ಜೇಡಿಯಲ್ಲಿ ಅಕ್ಷರಕ್ಕೊಂದು ಮೊಳೆ. ಅಕ್ಷರ ನಾಣ್ಯದ ಅಂಚಿನಷ್ಟು ತೆಳುವಾಗಿ ಎದ್ದು ನಿಲ್ಲುವಂತೆ ಕೊರೆದು ಬೆಂಕಿಯಲ್ಲಿ ಸುಡುತ್ತಿದ್ದ. ಕಬ್ಬಿಣದ ತಗಡಿನ ಮೇಲೆ ಪೈನ್ ಮರದ ರಾಳ, ಮೇಣ, ಕಾಗದದ ಬೂದಿ ಸೇರಿಸಿದ ಮಿಶ್ರಣ ಹರಡಿ, ಅದರ ಮೇಲೆ ಕಬ್ಬಿಣದ ಚೌಕಟ್ಟು ಇಟ್ಟು ಮೊಳೆ ಜೋಡಿಸುವುದು. ತಗಡನ್ನು ಬೆಂಕಿಯ ಹತ್ತಿರ ಹಿಡಿದರೆ ರಾಳ ಮೆತ್ತಗಾಗುತ್ತದೆ. ಆಗ ಸಮತಟ್ಟಾದ ಹಲಗೆಯಿಂದ ಮೇಲಿನಿಂದ ಒತ್ತಿದರೆ ಮೊಳೆಗಳೆಲ್ಲ ಒಂದೇ ಎತ್ತರಕ್ಕೆ ಕೂರುತ್ತವೆ. ಇಡೀ ಕೆಲಸದ ಜೀವಾಳ ಈ ಒತ್ತುವಿಕೆ: ಎತ್ತರದ ಮೊಳೆ ಮಸಿ ಹರಡುತ್ತದೆ, ತಗ್ಗಿನದು ಮೂಡುವುದೇ ಇಲ್ಲ. ಒಂದು ತಗಡಿನಿಂದ ಅಚ್ಚು ತೆಗೆಯುತ್ತಿರುವಾಗ ಇನ್ನೊಂದರಲ್ಲಿ ಜೋಡಣೆ ನಡೆಯುತ್ತಿತ್ತು. ಮುಗಿದ ಮೇಲೆ ಮತ್ತೆ ಕಾಯಿಸಿ, ಕೈಯಿಂದ ತಟ್ಟಿದರೆ ಮೊಳೆಗಳು ತಾವಾಗಿ ಉದುರುತ್ತಿದ್ದವು. ಪದೇ ಪದೇ ಬರುವ ಅಕ್ಷರಗಳಿಗೆ ಇಪ್ಪತ್ತಕ್ಕೂ ಹೆಚ್ಚು ಮೊಳೆ ಇರುತ್ತಿದ್ದವು.

ಮರವನ್ನು ಏಕೆ ಬಿಟ್ಟ ಎಂಬುದಕ್ಕೆ ಶೆನ್ ಕುವೊ ಕಾರಣ ಕೊಟ್ಟಿದ್ದಾನೆ. ಮರದ ಎಳೆ ಒಂದೆಡೆ ಬಿಗಿ, ಒಂದೆಡೆ ಸಡಿಲ. ನೀರು ಕುಡಿದರೆ ಮೊಳೆಗಳು ಏರುಪೇರಾಗುತ್ತವೆ. ಮೇಲಾಗಿ ರಾಳ ಕಚ್ಚಿಕೊಂಡರೆ ಬಿಡಿಸಲಾಗದು. ಮುಂದೆ ವಾಂಗ್ ಝೆನ್ ಎಂಬ ಅಧಿಕಾರಿ ರಾಳವನ್ನೇ ಕೈಬಿಟ್ಟು ಮರವನ್ನು ಒಲಿಸಿಕೊಂಡ. ಸಾಲುಗಳ ನಡುವೆ ಬಿದಿರಿನ ಪಟ್ಟಿ, ಸಂದುಗಳಿಗೆ ಮರದ ಚಕ್ಕೆ ತುಂಬಿ ಬಿಗಿಮಾಡಿದ. ಮೊಳೆಗಳನ್ನು ಎರಡು ತಿರುಗುವ ಮೇಜುಗಳಲ್ಲಿ ಜೋಡಿಸಿಟ್ಟು, ನಡುವೆ ಕುಳಿತ ಕೆಲಸಗಾರ ಮೇಜು ತಿರುಗಿಸಿ ಬೇಕಾದ್ದನ್ನು ಆರಿಸಿಕೊಳ್ಳುವ ಏರ್ಪಾಡು ಮಾಡಿದ. 1298ರಲ್ಲಿ 60,000ಕ್ಕೂ ಹೆಚ್ಚು ಅಕ್ಷರಗಳ ಸ್ಥಳೀಯ ಇತಿಹಾಸವೊಂದರ 100 ಪ್ರತಿಗಳು ತಿಂಗಳೊಳಗೆ ಸಿದ್ಧವಾದವು.

ಆದರೂ ಚೀನಾದಲ್ಲಿ ಇಡೀ ಪುಟವನ್ನು ಮರದ ಹಲಗೆಯಲ್ಲಿ ಕೊರೆಯುವ ಪದ್ಧತಿಯೇ ಮೇಲುಗೈ ಪಡೆಯಿತು. ಅಕ್ಷರಗಳು ಸಾವಿರಾರು, ಎರಡು ಮೂರು ಪ್ರತಿಗಳಿಗೆ ಮೊಳೆಯಿಂದ ಲಾಭವಿಲ್ಲವೆಂದು ಶೆನ್ ಕುವೊನೇ ಹೇಳಿದ್ದಾನೆ. ಕೊರೆದ ಹಲಗೆಯನ್ನಾದರೆ ವರ್ಷಗಟ್ಟಲೆ ಇಟ್ಟುಕೊಂಡು ಬೇಕಾದಾಗ ಅಚ್ಚು ಹಾಕಬಹುದು. ಕೊರಿಯಾದಲ್ಲಿ 1377ರಲ್ಲಿ ಲೋಹದ ಮೊಳೆಯ ಪುಸ್ತಕ ಬಂತು. ಅಲ್ಲಿಂದ ಗುಟೆನ್‌ಬರ್ಗ್‌ಗೆ ವಿದ್ಯೆ ಹೋಯಿತೆಂಬುದಕ್ಕೆ ಪುರಾವೆಯಿಲ್ಲ. ಯುರೋಪಿನ ಮುದ್ರಣಕ್ಕೆ ಚೀನಾ ನಿಸ್ಸಂದೇಹವಾಗಿ ಕೊಟ್ಟದ್ದು ಕಾಗದ. ಅದು ಅರಬ್ ನಾಡುಗಳ ಮೂಲಕ ಹೋಯಿತು.

ಪ್ರಶ್ನೆ: ಹಳೆಯ ಚೀನೀ ದಿಕ್ಸೂಚಿಯನ್ನು ಶಾಲೆಯಲ್ಲಿ ಮಾಡಿ ತೋರಿಸಬಹುದೆ? ದಾರಕ್ಕೆ ಕಟ್ಟಿದ ಸೂಜಿ ಸುಮ್ಮನೆ ಸುತ್ತುತ್ತಲೇ ಇರುತ್ತದೆ.
– ಶಿಕ್ಷಕಿ, ಚಿತ್ರದುರ್ಗ

ಉತ್ತರ: ತಪ್ಪು ದಾರದ್ದು. ಹೊಲಿಗೆ ದಾರ ಹುರಿಗೊಳಿಸಿದ್ದು. ಸೂಜಿಯ ಭಾರಕ್ಕೆ ಹುರಿ ಬಿಚ್ಚಿಕೊಳ್ಳುತ್ತಾ ಸೂಜಿಯನ್ನು ತಿರುಗಿಸುತ್ತದೆ. ಶೆನ್ ಕುವೊ ಹೇಳುವುದು ಹೊಸ ರೇಷ್ಮೆಯ ಒಂಟಿ ಎಳೆಯನ್ನು. ನಮ್ಮಲ್ಲಿ ಗೂಡು ಬಿಚ್ಚುವ ಊರುಗಳಲ್ಲಿ ಅದು ಸುಲಭವಾಗಿ ಸಿಕ್ಕೀತು. ಸೂಜಿಯನ್ನು ಅಯಸ್ಕಾಂತದ ಒಂದೇ ತುದಿಯಿಂದ ಒಂದೇ ದಿಕ್ಕಿಗೆ ಮೂವತ್ತು ನಲವತ್ತು ಸಲ ಉಜ್ಜಿ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಮೊದಲು ಬಂದ ಗುಣವೂ ಅಳಿಯುತ್ತದೆ. ಸಾಸಿವೆ ಕಾಳಿನಷ್ಟು ಮೇಣದಿಂದ ಎಳೆಯನ್ನು ಸೂಜಿಯ ನಡುವಿಗೆ ಅಂಟಿಸಿ, ಗಾಳಿಯಾಡದ ಕಡೆ ತೂಗುಬಿಡಿ. ಕಬ್ಬಿಣದ ಮೇಜು, ಮೊಬೈಲ್ ದೂರವಿರಲಿ. ನೀರಿನ ಮೇಲೆ ತೇಲಿಸಿದರೆ ಓಲಾಡುತ್ತದೆ, ಉಗುರಿನ ಮೇಲೋ ಬಟ್ಟಲಿನ ಅಂಚಿನ ಮೇಲೋ ಇಟ್ಟರೆ ಜಾರುತ್ತದೆ ಎಂದು ಆತ ಮೂರನ್ನೂ ತೂಗಿನೋಡಿ ಎಳೆಯನ್ನೇ ಮೆಚ್ಚಿದ್ದ.

ಸೂಜಿ ನೇರ ದಕ್ಷಿಣ ತೋರದೆ ಸ್ವಲ್ಪ ಪೂರ್ವಕ್ಕೆ ವಾಲುತ್ತದೆಂದೂ ಅವನು ಗುರುತಿಸಿದ. ಈ ವ್ಯತ್ಯಾಸ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಕರ್ನಾಟಕದಲ್ಲಿ ಈಗ ತೀರಾ ಕಡಿಮೆ, ಮಕ್ಕಳ ಕಣ್ಣಿಗೆ ಕಾಣದು.

ಪ್ರಶ್ನೆ: ಚೀನೀಯರು ಮದ್ದಿನ ಪುಡಿಯನ್ನು ಬರೀ ಪಟಾಕಿಗೆ ಬಳಸಿದರೆ?
– ಓದುಗರೊಬ್ಬರು, ಕಾರವಾರ

ಉತ್ತರ: ಇಲ್ಲ. 1044ರ ಸೈನ್ಯಗ್ರಂಥವೊಂದರಲ್ಲೇ ಯುದ್ಧಕ್ಕೆಂದು ಮಿಶ್ರಣಗಳಿವೆ. ಅವುಗಳಲ್ಲಿ ಪೆಟ್ಲುಪ್ಪು (ಉರಿಗೆ ಆಮ್ಲಜನಕ ಒದಗಿಸುವ ಲವಣ) ಕಡಿಮೆಯಿದ್ದುದರಿಂದ ಸಿಡಿಯುವುದಕ್ಕಿಂತ ರಭಸವಾಗಿ ಉರಿಯುತ್ತಿದ್ದವು, ಹೊಗೆ ಕಾರುತ್ತಿದ್ದವು. ಪೆಟ್ಲುಪ್ಪು ಹೆಚ್ಚಿದಂತೆ ಬಾಂಬು, ತೋಪು ಬಂದವು. ಬಾಣಬಿರುಸಿನ ದಾರಿ ಬೇರೆ ಕವಲೊಡೆಯಿತು: ಹೈದರ್, ಟಿಪ್ಪು ಕಾಲದ ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದರು. ಕಾಗದ, ಬಿದಿರಿನ ಕೊಳವೆ ಒಡೆದುಹೋಗುವಷ್ಟು ಒತ್ತಡವನ್ನು ಕಬ್ಬಿಣ ತಾಳಿತು, ರಾಕೆಟ್ ಹೆಚ್ಚು ದೂರ ಹಾರಿತು.