ಹಿಂದೆ ಸಿಕ್ಕ ಅಡ್ಮಿಷನ್ ಬಿಟ್ಟಿದ್ದೆ. ಅದೇ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗೆ ಈಗ ಟ್ರಾನ್ಸ್‌ಫರ್ ಅರ್ಜಿ ಹಾಕಿದರೆ ಅದನ್ನು ಮನಸ್ಸಲ್ಲಿಟ್ಟುಕೊಳ್ಳುತ್ತಾರಾ?

ಇದೇ ಭಯದಲ್ಲಿ ನಾನೂ ಒಂದು ವರ್ಷ ಕಳೆದಿದ್ದೇನೆ. ಪ್ರಬಂಧದಲ್ಲಿ ಕ್ಷಮೆ ಕೇಳಬೇಕಾ ಅಂತಲೂ ಕೇಳಿದ್ದೀರಿ. ಬೇಡ, ದಯವಿಟ್ಟು ಬೇಡ.

ನಮ್ಮ ಮನೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಹೈಸ್ಕೂಲ್ ಮುಗಿಸುವ ವರ್ಷ ಮಾರ್ಚ್‌ನಲ್ಲಿ ಒಂದು ಯುಸಿ ಕ್ಯಾಂಪಸ್‌ನಿಂದ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಪತ್ರ ಬಂತು. ಅಮ್ಮ ಹೋಳಿಗೆ ಮಾಡಿದ್ದರು. ಏಪ್ರಿಲ್‌ನಲ್ಲಿ ಅಪ್ಪನ ಕೆಲಸ ಹೋಯಿತು. ಎಚ್-1ಬಿ ವೀಸಾ, ಗೊತ್ತಲ್ವಾ? 60 ದಿನದೊಳಗೆ ಬೇರೆ ಕಂಪನಿ ಸಿಗದಿದ್ದರೆ ಎಲ್ಲರೂ ಹಾಸನಕ್ಕೆ ವಾಪಸ್. ಕಾಲೇಜಿಗೆ ಮೇ 1ರೊಳಗೆ ಉತ್ತರ ಹೇಳಬೇಕಿತ್ತು. ನಾನೇ ಲಾಗಿನ್ ಆಗಿ ಬೇಡ ಅಂತ ಒತ್ತಿದೆ. ಜೂನ್‌ನಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು. ಅಷ್ಟರಲ್ಲಿ ಸೀಟು ಕೈಬಿಟ್ಟಾಗಿತ್ತು. ಮನೆ ಹತ್ತಿರದ ಕಮ್ಯುನಿಟಿ ಕಾಲೇಜು ಸೇರಿದೆ. ಅಲ್ಲಿ ಮೊದಲ ಎರಡು ವರ್ಷದ ಓದು ಮುಗಿಸಿ ಯುಸಿಗೆ ಟ್ರಾನ್ಸ್‌ಫರ್ ಆಗಬಹುದು.

ನಾನು ತಪ್ಪು ಮಾಡಿದ್ದು ಇದಾದ ಮೇಲೆ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಯೋಚನೆ ಕಾಣಿಸುತ್ತಿದೆ.

ಆ ಹಳೇ ಪತ್ರ ನನ್ನ ತಲೆಯಿಂದ ಹೋಗಲೇ ಇಲ್ಲ. ಅವರಿಗೆ ನಾನು ಗೊತ್ತು, ಒಮ್ಮೆ ಆರಿಸಿದವರು ಇನ್ನೊಮ್ಮೆಯೂ ಆರಿಸುತ್ತಾರೆ, ಬಿಟ್ಟು ಹೋದ ಬೇಜಾರೊಂದು ಕಳೆದರೆ ಸಾಕು ಅಂದುಕೊಂಡಿದ್ದೆ. ನಮ್ಮ ಕಾಲೇಜಿನಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಸುಮಾರು ಮೂರು ತಿಂಗಳಿಗೊಂದು ಅವಧಿ. ಎಂಜಿನಿಯರಿಂಗ್ ಫಿಸಿಕ್ಸ್ ಅಂದರೆ ಎ, ಬಿ, ಸಿ ಅಂತ ಮೂರು ಕೋರ್ಸ್. ಎ ಮುಗಿಯದೆ ಬಿ ಇಲ್ಲ, ಬಿ ಮುಗಿಯದೆ ಸಿ ಇಲ್ಲ. ಎರಡನೇ ವರ್ಷದ ಚಳಿಗಾಲದಲ್ಲಿ ಬಿ ತೆಗೆದುಕೊಳ್ಳಬೇಕಿತ್ತು. ಆ ಕ್ವಾರ್ಟರ್ ಗಣಿತ ಭಾರ ಆಗಿತ್ತು, ಫಿಸಿಕ್ಸ್ ಮುಂದೂಡಿದೆ. ಬಿ ವಸಂತಕ್ಕೆ ಹೋಯಿತು, ಸಿ ಬೇಸಿಗೆಗೆ. ಜನವರಿಯಲ್ಲಿ ಯುಸಿ ಅರ್ಜಿಯ ಅಪ್‌ಡೇಟ್ ತುಂಬುವಾಗ ಸಿ ಎದುರಿಗೆ 'ಬೇಸಿಗೆ' ಅಂತ ನಾನೇ ಬರೆದೆ. ಕೈ ನಡುಗಲಿಲ್ಲ, ಒಂದು ಸಂಶಯವೂ ಬರಲಿಲ್ಲ. ಕ್ಲಾಸು ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ, ಆಗಸ್ಟ್‌ನಲ್ಲಿ ಸಿ ಮುಗಿದಿರುತ್ತದೆ ಅಲ್ವಾ ಅನ್ನುವುದು ನನ್ನ ಲೆಕ್ಕ. ಅವರ ಲೆಕ್ಕ ಬೇರೆ. ಫಾಲ್‌ಗೆ, ಅಂದರೆ ಸೆಪ್ಟೆಂಬರ್ ಹೊತ್ತಿಗೆ, ಸೇರುವವರು ಬೇಕಾದ ಕೋರ್ಸ್‌ಗಳನ್ನು ಅದರ ಹಿಂದಿನ ವಸಂತದೊಳಗೆ ಮುಗಿಸಿರಬೇಕು. ಬೇಸಿಗೆಯದು ಎಣಿಕೆಗೇ ಬರುವುದಿಲ್ಲ. ಅಂದರೆ ಅವರ ಕಣ್ಣಿಗೆ ನನ್ನ ಫಿಸಿಕ್ಸ್ ಅರ್ಧಕ್ಕೇ ನಿಂತಿತ್ತು. ಇದೆಲ್ಲ ಅವರ ಪುಟದಲ್ಲೇ ಬರೆದಿತ್ತು. ಓದಿದ್ದೆ ಕೂಡ. ನನಗೆ ಅನ್ವಯಿಸುವುದಿಲ್ಲ ಅಂದುಕೊಂಡೆ, ಅಷ್ಟೇ.

ಪ್ರಬಂಧದ ಕಥೆಯೂ ಇದೇ. ಟ್ರಾನ್ಸ್‌ಫರ್ ಅರ್ಜಿಯಲ್ಲಿ ನಾಲ್ಕು ಉತ್ತರ ಬರೆಯಬೇಕು, ಒಂದೊಂದಕ್ಕೂ 350 ಪದದ ಮಿತಿ. ಅದರಲ್ಲಿ ಒಂದನ್ನು ಪೂರ್ತಿ 'ಅವತ್ತು ಯಾಕೆ ಬರಲಿಲ್ಲ' ಅನ್ನುವುದಕ್ಕೇ ಖರ್ಚು ಮಾಡಿದೆ. ಕಾಲೇಜಿನಲ್ಲಿ ಎರಡು ವರ್ಷ ಏನು ಕಲಿತೆ ಅನ್ನುವುದಕ್ಕೆ ಜಾಗ ಉಳಿಯಲಿಲ್ಲ. ಏಪ್ರಿಲ್‌ನಲ್ಲಿ ಇಲ್ಲ ಅಂತ ಬಂತು. ಬೇರೆ ಕ್ಯಾಂಪಸ್‌ಗೆ ಹಾಕಿರಲೇ ಇಲ್ಲ. ಅವತ್ತು ಅಮ್ಮ ಏನೂ ಕೇಳದೆ ತಟ್ಟೆಗೆ ಅನ್ನ ಸಾರು ಬಡಿಸಿ ಪಕ್ಕದಲ್ಲಿ ಕೂತರು.

ಆ ವರ್ಷ ಸಿ ಮುಗಿಸಿದೆ. ಮರುವರ್ಷ ಅದೇ ಕ್ಯಾಂಪಸ್ ಸೇರಿಸಿ ನಾಲ್ಕು ಕಡೆ ಅರ್ಜಿ ಹಾಕಿದೆ. ಹಳೇ ಪತ್ರದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅಲ್ಲೇ ಸಿಕ್ಕಿತು.

ಹಾಗಾಗಿ 'ಮನಸ್ಸಲ್ಲಿಟ್ಟುಕೊಳ್ಳುತ್ತಾರಾ' ಅನ್ನುವ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಪ್ರತಿ ವರ್ಷ ಸಾವಿರಾರು ಮಕ್ಕಳು ಸಿಕ್ಕ ಸೀಟು ಬಿಡುತ್ತಾರೆ. ಸಿಟ್ಟು ಇಟ್ಟುಕೊಳ್ಳುವಷ್ಟು ನೆನಪು ಯಾರಿಗೂ ಇರುವುದಿಲ್ಲ. ಹಾಗೆಯೇ ಪ್ರೀತಿಯ ನೆನಪೂ ಇರುವುದಿಲ್ಲ. ನೀವು ಈಗ ಅವರಿಗೆ ಹೊಸಬರು. ನೋಡುವುದು ಕಾಲೇಜಿನ ಕೋರ್ಸು, ಜಿಪಿಎ, 60 ಸೆಮಿಸ್ಟರ್ ಯೂನಿಟ್ (ಕೋರ್ಸ್‌ಗೆ ಸಿಗುವ ಕ್ರೆಡಿಟ್) ಆಗುತ್ತದಾ ಅಂತ. ಕ್ವಾರ್ಟರ್ ಆದರೆ 90.

ಅಸಿಸ್ಟ್ ವೆಬ್‌ಸೈಟ್‌ನಲ್ಲಿ ನಿಮ್ಮ ಕಾಲೇಜು, ಆ ಕ್ಯಾಂಪಸ್, ಮೇಜರ್ (ಓದುವ ಮುಖ್ಯ ವಿಷಯ) ಹಾಕಿ ನೋಡಿ. ಯಾವ ಕೋರ್ಸ್ ಬೇಕು ಅನ್ನುವ ಪಟ್ಟಿ ಬರುತ್ತದೆ. ಪ್ರಿಂಟ್ ತೆಗೆದು, ನೀವು ಸೇರಬೇಕೆಂದಿರುವ ವರ್ಷದ ಜೂನ್‌ನಿಂದ ಹಿಂದಕ್ಕೆ ಒಂದೊಂದೇ ಕೋರ್ಸ್ ಇಟ್ಟುಕೊಂಡು ಬನ್ನಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಟ್ಯಾಗ್ ಅಂತ ಒಂದು ಖಾತ್ರಿ ಪ್ರವೇಶದ ಒಪ್ಪಂದ ಇದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋದಲ್ಲಿ ಇಲ್ಲ. ಕೆಲವು ಮೇಜರ್‌ಗೂ ಇರುವುದಿಲ್ಲ, ನೋಡಿಕೊಳ್ಳಿ. ನಿಮ್ಮ ಕನಸಿನ ಕ್ಯಾಂಪಸ್ ಬೇರೆಯದಾದರೂ ಒಂದು ಟ್ಯಾಗ್ ಹಾಕಿಯೇ ಹಾಕಿ. ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ ತೆರೆದಿರುತ್ತದೆ.

ನಿಮ್ಮ ಮೇಜರ್ ಯಾವುದು, ಯಾವ ಕೋರ್ಸ್ ಬಾಕಿ ಇದೆ ಅಂತ ಬರೆಯಿರಿ. ಕೂತು ಲೆಕ್ಕ ಹಾಕಿ ಹೇಳುತ್ತೇನೆ.